ಸೋಮಲಿಂಗಪ್ಪನವರ ತಳಿನಿಷೇಧ

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಎದುರಾದ ಯಾವುದೇ ನಾಯಿಯ ತಲೆಯ ಸುತ್ತಳತೆಯನ್ನು ನಿಂತ ನಿಲುವಿನಲ್ಲೇ ಹೇಳಬಲ್ಲವರು ಸೋಮಲಿಂಗಪ್ಪನವರೊಬ್ಬರೇ. ಮೂವತ್ತೆರಡು ವರ್ಷ ಅಂಗಡಿಗಳ ತಕ್ಕಡಿಗೂ ತೂಕದ ಕಲ್ಲಿಗೂ ಸರಕಾರಿ ಮುದ್ರೆ ಒತ್ತಿ ನಿವೃತ್ತರಾದ ಈ ಮಹಾನುಭಾವರಿಗೆ, ಅಳತೆಗೆ ಸಿಗದ ವಸ್ತುವೊಂದು ಲೋಕದಲ್ಲಿದೆ ಎಂಬುದೇ ವೈಯಕ್ತಿಕ ಅಪಮಾನ. ಏಪ್ರಿಲ್ ಬಿಸಿಲಿನಲ್ಲೂ ಕಳಚದ ಕಂದು ಕೋಟು, ಅದರ ಬಲಜೇಬಿನಲ್ಲಿ ಟೇಪು, ಎಡಜೇಬಿನಲ್ಲಿ ಅಪಾಯಕಾರಿ ನಾಯಿತಳಿಗಳ ಪಟ್ಟಿ, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಮಾತಿಗೊಮ್ಮೆ "ದಾಖಲೆ ಇದೆ ಕಣ್ರೀ".

ಆ ತಳಿಗಳನ್ನು ನಿಷೇಧಿಸುವ ಕೇಂದ್ರದ ಸುತ್ತೋಲೆಯನ್ನು ಹೈಕೋರ್ಟು ರದ್ದುಮಾಡಿದ ದಿನ ಅವರು ಊಟ ಬಿಟ್ಟರೆಂದು ಅವರ ಮಡದಿ ಜಲಜಮ್ಮನವರೇ ಹೇಳಿದರು. ಮರುದಿನ ಒಂದು ಮನವಿಪತ್ರ ಹಿಡಿದು ನನ್ನ ಬಾಗಿಲಿಗೆ ಬಂದು, "ಕೋರ್ಟಲ್ಲಿ ಹೋದ್ರೆ ಹೋಗ್ಲಿ, ನಮ್ಮ ರಸ್ತೆಗೆ ನಾವೇ ಕಾನೂನು ಮಾಡ್ಕೊಳ್ಳೋಣ, ಸೈನ್ ಹಾಕಿ" ಎಂದರು. ಹಾಕಿದೆ. ಅವರೊಡನೆ ವಾದಿಸುವುದಕ್ಕಿಂತ ಸಹಿ ಹಾಕುವುದು ಸುಲಭ. ಆ ಸೋಮಾರಿತನಕ್ಕಾಗಿ ನನ್ನ ಮೇಲೆಯೇ ನನಗೆ ಇಂದಿಗೂ ಸಿಟ್ಟಿದೆ.

ಏಕೆಂದರೆ ಆ ಕಾನೂನಿಗೆ ಸಿಕ್ಕಿಬಿದ್ದದ್ದು ಅಂಬುಜಾಳ ಕರಿಯ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೊಲಿಗೆ ಕೆಲಸಕ್ಕೆ ಹೋಗುವ ಅಂಬುಜಾ ರಸ್ತೆಯ ಕೊನೆಯ ಬಾಡಿಗೆ ಕೋಣೆಯಲ್ಲಿ ಎಂಟು ವರ್ಷದ ಮಗಳು ಇಂಚರಾಳೊಡನೆ ಇರುವವಳು. ಶಾಲೆ ಬಿಟ್ಟಮೇಲೆ ತಾಯಿ ಬರುವವರೆಗೆ ಆ ಮಗುವಿಗಿದ್ದ ಜೊತೆಯೆಂದರೆ, ಬೀದಿಯಲ್ಲಿ ಹುಟ್ಟಿ, ಅನ್ನಸಾರು ತಿಂದು ದಪ್ಪಗಾದ, ಹುಬ್ಬಿನ ಮೇಲೆ ಕಂದು ಚುಕ್ಕೆಯಿದ್ದ ಈ ಕಪ್ಪು ನಾಯಿ. ಸೋಮಲಿಂಗಪ್ಪನವರು ಟೇಪು ಹಿಡಿದು ಬಗ್ಗಿದರು. ಕರಿಯ ಅವರ ಕೈ ನೆಕ್ಕಿತು. ಅಳತೆ ಬರೆದುಕೊಂಡು, ಎಡಜೇಬಿನ ಪಟ್ಟಿ ತೆರೆದು "ರಾಟ್‌ವೀಲರ್" ಎಂದು ತೀರ್ಪಿತ್ತರು.

"ಸಾರ್, ಇದು ಮೋರಿ ಹತ್ರ ಸಿಕ್ಕಿದ್ ಮರಿ," ಎಂದಳು ಅಂಬುಜಾ.

"ತಲೆ ಸುತ್ತಳತೆ ಸುಳ್ಳು ಹೇಳಲ್ಲಮ್ಮ."

ವಾರವಿಡೀ ಅವಳ ಮನೆ ಮಾಲೀಕನಿಗೆ ಅರ್ಜಿಯ ಮೇಲೆ ಅರ್ಜಿ. ಮನೆ ಖಾಲಿ ಮಾಡಬೇಕಾದೀತೆಂದು ಹೆದರಿ, ಅಂಬುಜಾ ಕರಿಯನನ್ನು ಕೆಂಗೇರಿಯಾಚೆ ಇಟ್ಟಿಗೆಗೂಡಿನಲ್ಲಿರುವ ನೆಂಟರಿಗೆ ಕೊಟ್ಟುಬಂದಳು. ಹತ್ತೇ ದಿನಕ್ಕೆ ಅದು ಹಗ್ಗ ಕಿತ್ತುಕೊಂಡು ಎತ್ತಲೋ ಹೋಯಿತು.

ಇತ್ತ ಸೋಮಲಿಂಗಪ್ಪನವರ ಸ್ವಂತ ಪೊಮೆರೇನಿಯನ್ ಮುತ್ತು, ಪೇಪರಿನವನನ್ನೂ ಗ್ಯಾಸಿನವನನ್ನೂ ಒಮ್ಮೆ ನನ್ನನ್ನೂ ಕಚ್ಚಿತ್ತು. ಅವರ ಪ್ರಕಾರ ಅದು ಬರೀ "ಹಲ್ಲು ತಾಗಿದ್ದು". ಕರಿಯ ಹೋದ ಮೂರನೆಯ ವಾರ, ಸಂಜೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದ ಇಂಚರಾಳ ಕೆನ್ನೆಗೆ ಆ ಹಲ್ಲು ತಾಗಿತು. ನಾಲ್ಕು ಹೊಲಿಗೆ ಬಿದ್ದವು.

ಮಗುವನ್ನು ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದವರೂ ಸೋಮಲಿಂಗಪ್ಪನವರೇ, ಪ್ರತಿ ಚುಚ್ಚುಮದ್ದಿಗೂ ಪಕ್ಕದಲ್ಲಿ ಕೂತವರೂ ಅವರೇ. ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಬಿಡದ ಈ ಮನುಷ್ಯನಿಂದ ನನಗೆ ತಲೆಚಿಟ್ಟು ಹಿಡಿದುಹೋಗಿದೆ. ಮೂರನೆಯ ಚುಚ್ಚುಮದ್ದಿನ ದಿನ ಇಂಚರಾ ಕೇಳಿದಳು, "ತಾತ, ಮುತ್ತೂನೂ ಕಳಿಸ್ಬಿಡ್ತೀರಾ?"

ಸೋಮಲಿಂಗಪ್ಪನವರು ಅವಳ ಕೆನ್ನೆಯ ಪಟ್ಟಿಯನ್ನು ಮೆಲ್ಲಗೆ ಸರಿಪಡಿಸುತ್ತ, "ಅದು ಕಚ್ಚೋ ಜಾತಿ ಅಲ್ಲ ಪುಟ್ಟಿ" ಎಂದರು.

ಇಂಥವರು ಕೆಟ್ಟವರಾಗಿದ್ದರೆ ಒಂದು ಜಗಳವಾಡಿ ಮುಗಿಸಬಹುದಿತ್ತು. ಲೋಕದ ಭಯವನ್ನೆಲ್ಲ ಒಂದು ಹೆಸರಿನ ಕೆಳಗೆ ಬರೆದಿಟ್ಟು, ಆ ಹೆಸರನ್ನು ರಸ್ತೆಯಿಂದಾಚೆ ಅಟ್ಟಿದೊಡನೆ ನಿಶ್ಚಿಂತರಾಗುವ ಸಜ್ಜನರು ಇವರು. ತಮ್ಮ ಮನೆಯ ಗೇಟಿಗೆ ಚಿಲಕ ಬಿದ್ದಿದೆಯೇ ಎಂದು ಮಾತ್ರ ಎಂದೂ ತಿರುಗಿ ನೋಡರು. ಅವರ ಆ ನಿಶ್ಚಿಂತೆಗಾಗಿ ಯಾವಾಗಲೂ ಯಾರದೋ ಮಗು ಒಂಟಿಯಾಗಿ ಕೂರಬೇಕಾಗುತ್ತದೆ.