ಹಾಲು ಕುಡಿದ ಮೇಲೆ

ಮರದ ತುಂಡುಗಳ ಗೋಪುರ ದಡದಡನೆ ಕುಸಿದು ಮಕ್ಕಳೆಲ್ಲ ಕೇಕೆ ಹಾಕುತ್ತಿದ್ದಂತೆ ಟೀಚರ್ ಬಾಗಿಲ ಕಡೆ ತಿರುಗಿ ಹುಬ್ಬು ಹಾರಿಸಿದಳು. ಈಗ ಹೋಗಿ, ಎಂದು ಅದರ ಅರ್ಥ. ಬಾಗಿಲಲ್ಲಿದ್ದ ತಾಯಿ ಕದಲಲಿಲ್ಲ. ಹೊಸ್ತಿಲಾಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟುಕೊಂಡು ಮಗಳ ಬೆನ್ನನ್ನೇ ನೋಡುತ್ತ ನಿಂತಿದ್ದಳು.

"ಒಂದ್ಸಲ ಹೇಳಿ ಹೋಗ್ತೀನಿ ಟೀಚರ್," ಎಂದಳು ಪಿಸುದನಿಯಲ್ಲಿ. "ಬೆಳಿಗ್ಗೆ ತಲೆ ಬಾಚೋವಾಗ ಗದರಿಬಿಟ್ಟೆ. ಮುಖ ಸಣ್ಣ ಮಾಡ್ಕೊಂಡಿದ್ಲು."

"ಬೇಡಮ್ಮ. ನೀವು ಹೇಳಿದ್ರೋ, ರಾಗ ಶುರು. ನಿಮಗೂ ತಡ, ನಮಗೂ ತಲೆನೋವು. ಕಣ್ತಪ್ಪಿಸಿ ಹೊರಟುಬಿಡಿ. ಒಂದು ಗಳಿಗೆ ಅಷ್ಟೆ, ಮರ್ತೇಬಿಡ್ತಾಳೆ."

ತಾಯಿ ತಲೆಯಾಡಿಸಿದಳು. ಚಪ್ಪಲಿ ಸದ್ದಾಗದಂತೆ ಕೈಯಲ್ಲಿ ಹಿಡಿದು, ವರಾಂಡ ದಾಟಿದ ಮೇಲೆ ಮೆಟ್ಟಿಕೊಂಡಳು. ಅದೂ ಟೀಚರ್ ಹೇಳಿಕೊಟ್ಟದ್ದೇ. ಸೊಂಟಕ್ಕೆ ಅಂಟಿಕೊಂಡ ಮಗುವನ್ನು ತಾಯಿಯಿಂದ ಬಿಡಿಸಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ದೊಡ್ಡ ಟೀಚರ್ ಅವಳನ್ನೇ ತೋರಿಸಿ, "ನೋಡಿ ಕಲೀರಿ, ಅವಳ ಕೋಣೆಯಲ್ಲಿ ಅಳುವಿನ ಸದ್ದೇ ಇರಲ್ಲ" ಎನ್ನುತ್ತಿದ್ದರು.

ಮಗುವಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಮನೆಯಲ್ಲಿಟ್ಟ ಹೆಸರು ಏನೇ ಇರಲಿ, ಶಿಶುವಿಹಾರದಲ್ಲಿ ಎಲ್ಲರಿಗೂ ಅವಳು ಡಂಗುರ. ಕಿವಿಗೆ ಬಿದ್ದದ್ದು ಯಾವುದೂ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ದೊಡ್ಡ ಟೀಚರ್‌ಗೆ ಹಲ್ಲುನೋವು, ಅಡುಗೆಯಜ್ಜಿ ಉಪ್ಪು ಹಾಕಲು ಮರೆತದ್ದು, ಯಾರೋ ಚಡ್ಡಿ ಒದ್ದೆ ಮಾಡಿಕೊಂಡದ್ದು, ಎಲ್ಲವನ್ನೂ ಬೀದಿಯ ಆ ತುದಿಗೆ ಕೇಳುವ ಹಾಗೆ ಸಾರಿಬಿಡುವಳು.

ಮತ್ತೆ ಕಟ್ಟಿದ ಗೋಪುರದ ಕೊನೆಯ ತುಂಡು ಇಡುವಾಗ ಅವಳು ತಿರುಗಿ ನೋಡಿದಳು. ಬಾಗಿಲು ಖಾಲಿ.

"ಅಮ್ಮ ಎಲ್ಲಿ?"

"ಕೆಲಸಕ್ಕೆ ಹೋದ್ರಲ್ಲ ಪುಟ್ಟಾ."

"ನಂಗೆ ಹೇಳ್ಲೇ ಇಲ್ಲ!" ತುಟಿ ಮುಂದೆ ಬಂತು, ಗಂಟಲು ಸಿದ್ಧವಾಯಿತು.

"ಹೇಳಿದ್ರು. ನೀನೇ ಕೇಳಿಸ್ಕೊಳ್ಳಲಿಲ್ಲ. ಆಟದಲ್ಲಿ ಮುಳುಗಿದ್ದೆ," ಎಂದಳು ಟೀಚರ್, ನೀರು ಕುಡಿದಷ್ಟು ಸಲೀಸಾಗಿ. "ನೋಡು, ಈಗ ನಾವು ಪಾಠ ಕಲೀತೀವಿ. ಆಮೇಲೆ ಊಟ. ಆಮೇಲೆ ನಿದ್ದೆ. ಎದ್ದು ಹಾಲು ಕುಡಿದ ಮೇಲೆ ಅಮ್ಮ ಬರ್ತಾರೆ."

ಮಗು ಬೆರಳು ಮಡಚಿ ಲೆಕ್ಕ ಹಾಕಿತು. ಪಾಠ, ಊಟ, ನಿದ್ದೆ, ಹಾಲು, ಅಮ್ಮ. ಒಂದು ಕೈಯಲ್ಲಿ ಹಿಡಿಯುವಷ್ಟೇ ದಿನ. ಮೂಗೊರೆಸಿಕೊಂಡು ಮತ್ತೆ ಗೋಪುರದ ಕಡೆ ಹೋಯಿತು.

ಆ ದಿನದ ಪಾಠ ತೇಲುವುದು ಮತ್ತು ಮುಳುಗುವುದು. ದೊಡ್ಡ ಬಕೆಟ್ಟಿನ ಸುತ್ತ ಮಕ್ಕಳು ಕುಕ್ಕರುಗಾಲಲ್ಲಿ ಕೂತರು. ಟೀಚರ್ ಒಂದೊಂದೇ ವಸ್ತು ಎತ್ತಿ ತೋರಿಸುವಳು, ಮಕ್ಕಳು ಮೊದಲೇ ಊಹಿಸಿ ಕೂಗಬೇಕು. ಎಲೆ ತೇಲಿತು, ಕಲ್ಲು ಮುಳುಗಿತು, ಪ್ಲಾಸ್ಟಿಕ್ ಬಾತುಕೋಳಿ ತೇಲಿತು. ಚಮಚ ಮುಳುಗಿದಾಗ ಡಂಗುರ ಎದ್ದು ನಿಂತು ಅಡುಗೆಮನೆಯ ಕಡೆ ಸಾರಿದಳು: "ಅಜ್ಜೀ, ನಿಮ್ ಚಮ್ಚ ಮುಳ್ಗೋಯ್ತು!"

"ನಿನ್ನ ಬಾಯಿ ಒಂದು ಯಾವತ್ತೂ ಮುಳುಗಲ್ಲ ನೋಡು!" ಅಲ್ಲಿಂದಲೇ ಉತ್ತರ ಬಂತು. ಮಕ್ಕಳು ಅರ್ಥವಾಗದಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕವು.

ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ ದೊಡ್ಡ ಟೀಚರ್ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ, ಕೈಸನ್ನೆ ಮಾಡಿ ಕರೆದರು. ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಡಂಗುರಳ ತಾಯಿ," ಎಂದರು. "ಲಾಂಡ್ರಿಯಲ್ಲಿ ಬಾಯ್ಲರ್ ಸಿಡೀತಂತೆ. ಪಕ್ಕದಲ್ಲೇ ಹಾಸಿಗೆ ಬಟ್ಟೆ ಇಸ್ತ್ರಿ ಮಾಡ್ತಿದ್ರಂತೆ. ಆಸ್ಪತ್ರೆಗೆ ತಗೊಂಡ್ಹೋಗೋ ಅಷ್ಟರಲ್ಲೇ..."

ಟೀಚರ್ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಅವರಕ್ಕ ಫೋನ್ ಮಾಡಿದ್ರು. ಅಪ್ಪ ಲಾರಿ ತಗೊಂಡು ದೂರ ಹೋಗಿದ್ದಾರೆ, ಬರೋದು ನಾಳೆ ಆಗತ್ತೆ. ದೇಹ ಬಿಡಿಸ್ಕೊಂಡು, ಸಂಜೆ ಅವರೇ ಬಂದು ಮಗುನ ಕರ್ಕೊಂಡು ಹೋಗ್ತಾರಂತೆ. ಅಲ್ಲೀವರೆಗೆ ಮಗುಗೆ ಏನೂ ಗೊತ್ತಾಗ್ಬಾರ್ದು ಅಂತ ಕೈಮುಗಿದು ಕೇಳ್ಕೊಂಡ್ರು. ನೀನು ಎಂದಿನ ಹಾಗೇ ಇರು. ನಿನ್ನ ಕೈಲಾಗತ್ತೆ."

ನಿನ್ನ ಕೈಲಾಗತ್ತೆ. ಆ ಮಾತನ್ನು ಬೆನ್ನಿಗಂಟಿಸಿಕೊಂಡೇ ಅವಳು ಊಟದ ಕೋಣೆಗೆ ಹೋದಳು.

ಅಡುಗೆಯಜ್ಜಿಗೆ ಸುದ್ದಿ ಅದಾಗಲೇ ಮುಟ್ಟಿತ್ತು. ಅಜ್ಜಿ ಸಾಲಾಗಿ ಅನ್ನ, ಬೇಯಿಸಿದ ತರಕಾರಿ ಬಡಿಸುತ್ತ ಬಂದಳು. ಪ್ರತಿ ತಟ್ಟೆಗೂ ಅರ್ಧ ಮೊಟ್ಟೆ. ಡಂಗುರಳ ತಟ್ಟೆಯ ಮುಂದೆ ಸೌಟು ತಡೆದು ನಿಂತಿತು. ಅಜ್ಜಿ ಇಡೀ ಮೊಟ್ಟೆ ಇಟ್ಟು, ಒಂದು ಕ್ಷಣ ಬಿಟ್ಟು, ಮೇಲೆ ಇನ್ನೊಂದು ಅರ್ಧವನ್ನೂ ಇಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟಳು.

ಮಗು ತಟ್ಟೆಯನ್ನೂ ಪಕ್ಕದವರ ತಟ್ಟೆಗಳನ್ನೂ ನೋಡಿತು.

"ಟೀಚರ್, ನಂಗ್ಯಾಕೆ ಇಷ್ಟೊಂದು?"

"ತಿನ್ನು ಪುಟ್ಟಾ."

"ನಮಗೂ!" ಎಂದರು ಪಕ್ಕದ ಇಬ್ಬರು. "ಅವಳಿಗೆ ಮಾತ್ರ ಯಾಕೆ?"

ಮಗುವಿನ ಮುಖ ಇದ್ದಕ್ಕಿದ್ದಂತೆ ಅರಳಿತು. "ಇವತ್ತು ನಾನು ಹುಟ್ಟಿದ್ದಾ?" ಎಂದು ಕೂಗಿತು. ಹುಟ್ಟಿದ ದಿನ ಬಿಟ್ಟರೆ ಅಲ್ಲಿ ಯಾರಿಗೂ ಹೆಚ್ಚಿಗೆ ಬಡಿಸಿದ್ದೇ ಇಲ್ಲ. ಟೀಚರ್‌ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಲ್ಲಿದ್ದ ಹುಡುಗ ಗುಂಡಣ್ಣ ಚಪ್ಪಾಳೆ ತಟ್ಟಲು ಶುರುಮಾಡಿದ. ಮಿಕ್ಕವರಿಗೆ ಅಷ್ಟೇ ಸಾಕಾಯಿತು. ತುತ್ತು ಬಾಯಲ್ಲಿಟ್ಟುಕೊಂಡೇ ಇಡೀ ಕೋಣೆ ಚಪ್ಪಾಳೆ ತಟ್ಟಿತು. ಡಂಗುರ ಬೆಂಚಿನ ಮೇಲೆ ನಿಂತು ಎರಡೂ ಕೈಯೆತ್ತಿ, ಎಲ್ಲರ ಚಪ್ಪಾಳೆಯನ್ನೂ ಸ್ವೀಕರಿಸಿದಳು.

ಟೀಚರ್ ಅವಳನ್ನು ಕೆಳಗಿಳಿಸಿ ಕೂರಿಸಿದಳು. ಇಲ್ಲ ಎನ್ನಲಿಲ್ಲ. ಹೌದು ಎನ್ನಲೂ ಇಲ್ಲ.

ನಿದ್ದೆಯ ಹೊತ್ತಿಗೆ ಪರದೆ ಎಳೆದು, ಚಾಪೆ ಹಾಸಿ, ಒಬ್ಬೊಬ್ಬರ ಬೆನ್ನು ತಟ್ಟುತ್ತ ಬಂದಳು. ಡಂಗುರ ಎಂದೂ ಬೇಗ ನಿದ್ದೆ ಮಾಡಿದವಳಲ್ಲ. ಇವತ್ತು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು, "ಬೇಗ ನಿದ್ದೆ ಮಾಡಿದ್ರೆ ಬೇಗ ಹಾಲು ಕೊಡ್ತೀರಾ?" ಎಂದಳು. ಹಾಗೇ ನಿದ್ದೆಹೋದಳು. ಟೀಚರ್ ಅವಳ ಪಕ್ಕದಲ್ಲೇ ಗೋಡೆಗೊರಗಿ ಕೂತಳು. ಬೆಳಿಗ್ಗೆ ಆ ತಾಯಿ ಬಾಚಿದ ಜಡೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಅವಸರದ ಕೈ. ಇಷ್ಟು ವರ್ಷ ಎಷ್ಟು ತಾಯಂದಿರನ್ನು ಹೀಗೆ ಹುಬ್ಬು ಹಾರಿಸಿ ಕಳಿಸಿದ್ದಳೋ. ಎಲ್ಲರೂ ಸಂಜೆ ಬಂದಿದ್ದರು. ಬಂದೇ ಬರುತ್ತಾರೆ ಎಂಬ ಧೈರ್ಯದ ಮೇಲೆ ತನ್ನ ಜಾಣತನವೆಲ್ಲ ನಿಂತಿತ್ತೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

ಎದ್ದ ಮಕ್ಕಳಿಗೆ ಹಾಲು ಕೊಟ್ಟಾಗ ಡಂಗುರ ಗಟಗಟನೆ ಕುಡಿದು, ಲೋಟ ಬೋರಲು ಹಾಕಿ ತೋರಿಸಿದಳು. ಬ್ಯಾಗು ಹೆಗಲಿಗೇರಿಸಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಳು. ಒಬ್ಬೊಬ್ಬರೇ ಬಂದರು. ಗುಂಡಣ್ಣನನ್ನು ಅವನ ತಾತ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋದರು. ಅವಳಿ ಹುಡುಗಿಯರನ್ನು ಅವರಪ್ಪ ಎರಡು ಕಂಕುಳಲ್ಲೂ ಸಿಕ್ಕಿಸಿಕೊಂಡು ಹೋದ. ಅಂಗಳ ಖಾಲಿಯಾಯಿತು. ಮಗು ವಾಪಸ್ಸು ಬಂದು ಟೀಚರ್‌ನ ಸೀರೆ ಜಗ್ಗಿತು.

"ಇನ್ನೊಂದು ಲೋಟ ಕುಡೀತೀನಿ."

"ಹೊಟ್ಟೆ ಹಸೀತಾ ಇದೆಯಾ?"

"ಇಲ್ಲ. ಅಮ್ಮ ಬರ್ಲಿ ಅಂತ."

ಟೀಚರ್ ಅಡುಗೆಮನೆಗೆ ಹೋಗಿ ಹಾಲು ತಂದಳು. ಬೇರೆ ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಮಗು ಕಷ್ಟಪಟ್ಟು, ನಡುನಡುವೆ ಉಸಿರು ತೆಗೆದುಕೊಳ್ಳುತ್ತ, ತಳ ಕಾಣುವವರೆಗೂ ಕುಡಿಯಿತು.

ದೊಡ್ಡಮ್ಮ ಬಂದಾಗ ಬಿಸಿಲು ಇಳಿದಿತ್ತು. ತಂಗಿಯದೇ ಮುಖ, ಸ್ವಲ್ಪ ದಪ್ಪ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ದಾರಿಯಲ್ಲೆಲ್ಲೋ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಿದ್ದಳು, ಕುತ್ತಿಗೆ ಇನ್ನೂ ಒದ್ದೆ.

"ದೊಡ್ಡಮ್ಮಾ! ನೀನ್ಯಾಕೆ ಬಂದೆ? ಅಮ್ಮ ಎಲ್ಲಿ?"

ದೊಡ್ಡಮ್ಮ ವರಾಂಡದಲ್ಲೇ ಮಂಡಿಯೂರಿ ಮಗುವನ್ನು ತಬ್ಬಿಕೊಂಡಳು. "ಅಮ್ಮ ಊರಿಗೆ ಹೋಗಿದ್ದಾಳೆ ಕಂದ. ಅರ್ಜೆಂಟ್ ಕೆಲಸ ಬಂತು. ಹೋಗೋ ಮುಂಚೆ ಇಲ್ಲಿಗೆ ಬಂದಿದ್ಲು ಕಣೇ. ನೀನು ಮಲಗಿದ್ದೆ. ನೋಡಿ, ಮುತ್ತು ಕೊಟ್ಟು ಹೋದ್ಲು." ತಲೆಯೆತ್ತಿ ನೋಡಿದಳು. "ಅಲ್ವಾ ಟೀಚರ್?"

ಮಗುವೂ ತಿರುಗಿ ನೋಡಿತು. "ನಾನು ಮಲಗಬಾರದಿತ್ತು," ಎಂದಿತು. ಆ ದೊಡ್ಡ ಗಂಟಲಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ಟೀಚರ್‌ಗೆ ಗೊತ್ತಿರಲಿಲ್ಲ. "ಬೆಳಿಗ್ಗೆನೂ ಅಮ್ಮ ಹೇಳಿದ್ಲು, ನಾನು ಕೇಳಿಸ್ಕೊಳ್ಳಲಿಲ್ಲ. ಅದಕ್ಕೇ ಹೋಗಿಬಿಟ್ಲಾ?"

"ಅಲ್ವಾ ಟೀಚರ್? ಬಂದಿದ್ಲು ಅಲ್ವಾ?" ದೊಡ್ಡಮ್ಮ ಕಣ್ಣಲ್ಲೇ ಅಂಗಲಾಚುತ್ತಿದ್ದಳು.

ಹೌದು ಎಂದರೆ ಮುಗಿಯುತ್ತಿತ್ತು. ಅಂಥ ಹೌದು ಎಷ್ಟೋ ಸಲ ಅವಳ ನಾಲಿಗೆಯ ಮೇಲೆ ತಾನಾಗಿಯೇ ಬಂದಿತ್ತು. ಟೀಚರ್ ನೆಲದ ಮೇಲೆ ಕೂತಳು, ಮಗುವಿನ ಮುಖದ ಎತ್ತರಕ್ಕೆ.

"ಇಲ್ಲ ಪುಟ್ಟಾ. ನೀನು ಮಲಗಿದ್ದಾಗ ಅಮ್ಮ ಬಂದಿರಲಿಲ್ಲ."

"ಟೀಚರ್!"

"ಅಮ್ಮ ಕೆಲಸ ಮಾಡೋ ಜಾಗದಲ್ಲಿ ಒಂದು ದೊಡ್ಡ ಮೆಷಿನ್ ಒಡೆದುಹೋಯ್ತು. ಅಮ್ಮಂಗೆ ತುಂಬಾ ಪೆಟ್ಟಾಯ್ತು. ಡಾಕ್ಟ್ರಿಗೂ ಏನೂ ಮಾಡೋಕಾಗ್ಲಿಲ್ಲ. ಅಮ್ಮ ಸತ್ತುಹೋದ್ರು."

ದೊಡ್ಡಮ್ಮನ ಬಾಯಿಂದ ಹೊರಟದ್ದು ಮಾತಲ್ಲ, ಒಂದು ನರಳಿಕೆ. ಮಗುವನ್ನು ಎದೆಗೆ ಒತ್ತಿಕೊಂಡು, "ನಿಮಗೆ ಕರುಳಿದೆಯೇನ್ರೀ?" ಎಂದಳು. "ಕೈಮುಗಿದು ಕೇಳ್ಕೊಂಡಿದ್ವಲ್ಲ. ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ."

ಟೀಚರ್ ಹೆತ್ತವಳಲ್ಲ. ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಮಗು ದೊಡ್ಡಮ್ಮನ ತೋಳಿನಿಂದ ಮುಖ ಬಿಡಿಸಿಕೊಂಡಿತು. "ನಾಳೆ ಬರ್ತಾಳಾ?"

"ಇಲ್ಲ."

"ನಾಡಿದ್ದು?"

"ಇಲ್ಲ ಪುಟ್ಟಾ. ಸತ್ತುಹೋದವರು ಬರೋಕಾಗಲ್ಲ. ಬರೋ ಮನಸ್ಸಿದ್ರೂ ಆಗಲ್ಲ."

ಮಗು ಅವಳ ಬಾಯನ್ನೇ ನೋಡುತ್ತಿತ್ತು, ಅಲ್ಲಿಂದ ಇನ್ನೂ ಏನೋ ಬರಬೇಕೆನ್ನುವ ಹಾಗೆ. ಟೀಚರ್ ಇನ್ನಷ್ಟು ಹತ್ತಿರ ಸರಿದಳು.

"ಇನ್ನೊಂದು ಮಾತು. ಬೆಳಿಗ್ಗೆ ಅಮ್ಮ ನಿಂಗೆ ಹೇಳಿದ್ರು, ನೀನು ಕೇಳಿಸ್ಕೊಳ್ಳಲಿಲ್ಲ ಅಂತ ನಾನು ಅಂದೆ ನೋಡು, ಅದು ಸುಳ್ಳು. ಅಮ್ಮ ಹೇಳ್ಲಿಲ್ಲ. ಹೇಳಿ ಹೋಗ್ತೀನಿ ಅಂತ ಬಾಗಿಲಲ್ಲಿ ನಿಂತಿದ್ರು, ಗದರಿದ್ದಕ್ಕೆ ಬೇಜಾರಾಗಿದೆ ಅಂದ್ರು. ನಾನೇ ಬೇಡ ಅಂದೆ. ನೀನು ಅಳ್ತೀಯ ಅಂತ ನಾನೇ ಕಳಿಸಿಬಿಟ್ಟೆ. ನಿಂದೇನೂ ತಪ್ಪಿಲ್ಲ. ಅಮ್ಮಂದೂ ಇಲ್ಲ."

ದೊಡ್ಡಮ್ಮನ ಅಳು ನಿಂತುಹೋಯಿತು. "ನಿಂತಿದ್ಲಾ?" ಎಂದಳು. "ಎಷ್ಟೊತ್ತು?"

"ಸುಮಾರು ಹೊತ್ತು," ಎಂದಳು ಟೀಚರ್. "ನಾನು ಹುಬ್ಬು ಹಾರಿಸಿದ ಮೇಲೂ ನಿಂತೇ ಇದ್ರು."

ಮಗುವಿನ ಮೊದಲ ಗುದ್ದು ಟೀಚರ್ ಭುಜಕ್ಕೆ ಬಿತ್ತು. ಸಣ್ಣ ಮುಷ್ಟಿ, ಆದರೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದದ್ದು. ಎರಡನೆಯದು ಎದೆಗೆ, ಆಮೇಲೆ ಎಲ್ಲೆಂದರಲ್ಲಿ. ದೊಡ್ಡಮ್ಮ ಕೈ ಹಿಡಿಯಲು ಹೋದಳು. "ಬಿಡಿ," ಎಂದಳು ಟೀಚರ್. ಮಗು ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ಹೊಡೆಯುತ್ತಿತ್ತು. ಸುಸ್ತಾಗುವವರೆಗೂ ಹೊಡೆಯಿತು. ಸುಸ್ತಾದ ಮೇಲೆ ಬಿಕ್ಕಳಿಕೆ ಬಂತು, ಕುಡಿದ ಹಾಲೆಲ್ಲ ಟೀಚರ್‌ನ ಮಡಿಲಿಗೆ ವಾಂತಿಯಾಯಿತು, ಅದಾದ ಮೇಲೆ ಅಳು. ಒಳಗಿನಿಂದ ಅಡುಗೆಯಜ್ಜಿ ಓಡಿಬಂದು, ಯಾರನ್ನೂ ಏನೂ ಕೇಳದೆ, ಒದ್ದೆ ಬಟ್ಟೆಯಿಂದ ಮಗುವಿನ ಬಾಯಿ, ಕೈ, ಅಂಗಿ ಒರೆಸಿದಳು. ದೊಡ್ಡ ಟೀಚರ್ ತಮ್ಮ ಕೋಣೆಯ ಬಾಗಿಲವರೆಗೆ ಬಂದು ಅಲ್ಲೇ ನಿಂತರು. ಅವರ ಮುಖದಲ್ಲಿ ಸಿಟ್ಟಿತ್ತು. ನಾಳೆ ಮಾತಾಡೋಣ ಎಂಬಂಥ ಸಿಟ್ಟು.

ಅಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಯಾರೂ ಸುಮ್ಮನಿರು ಎನ್ನಲಿಲ್ಲ. ಕೊನೆಗೆ ದೊಡ್ಡಮ್ಮನೇ ಎದ್ದು, ಬ್ಯಾಗು ತನ್ನ ಹೆಗಲಿಗೆ ಹಾಕಿಕೊಂಡು, "ಹೋಗೋಣ ಬಾ" ಎಂದಳು. ಟೀಚರ್ ಕಡೆ ನೋಡಲಿಲ್ಲ. ಎರಡು ಹೆಜ್ಜೆ ಇಟ್ಟವಳು ನಿಂತು, ಗೋಡೆಗೆ ಹೇಳುವಂತೆ, "ಗದರಿದ್ದಕ್ಕೆ ಬೇಜಾರಾಗಿದೆ ಅಂದ್ಲಾ?" ಎಂದು ಕೇಳಿದಳು.

"ಹೌದು. ಮುಖ ಸಣ್ಣ ಮಾಡ್ಕೊಂಡಿದ್ಲು ಅಂದ್ರು."

ದೊಡ್ಡಮ್ಮ ತಲೆಯಾಡಿಸಿದಳು.

ಟೀಚರ್ ಬೂಟು ಹಾಕಲು ಕೈ ಚಾಚಿದಾಗ ಮಗು ಕಾಲು ಹಿಂದಕ್ಕೆಳೆದುಕೊಂಡಿತು. ದೊಡ್ಡಮ್ಮ ಬಗ್ಗಿದರೆ ಅವಳಿಗೂ ಕೊಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಬಿಕ್ಕುತ್ತ, ತಾನೇ ಎಳೆದೆಳೆದು ಹಾಕಿಕೊಂಡಿತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಟೀಚರ್, ದೊಡ್ಡಮ್ಮ, ಅಜ್ಜಿ ಮೂವರೂ ನೋಡಿದರು. ಯಾರೂ ತಿದ್ದಲಿಲ್ಲ.

ಮಗು ಎದ್ದು, ಯಾರ ಕೈಯನ್ನೂ ಹಿಡಿಯದೆ ಗೇಟು ದಾಟಿತು. ಬೀದಿಯುದ್ದಕ್ಕೂ ಬೂಟುಗಳ ಮೂತಿ ಒಂದು ಆ ಕಡೆ, ಒಂದು ಈ ಕಡೆ ತಿರುಗಿಕೊಂಡಿದ್ದವು. ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ, ಬಿದ್ದರೆ ಹಿಡಿಯಲು ಎರಡೂ ಕೈ ಸ್ವಲ್ಪ ಮುಂದೆ ಚಾಚಿಕೊಂಡು, ಮಗುವಿನ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು ನಡೆದಳು.