ವಿಯೆನ್ನಾದವಳ ಸುರುಳಿ

೧೯೭೪ರ ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಸಲೋಂತಾಯಿ ಎತೆಲ್ಕಾ ಮೂರು ಮಹಡಿ ಹತ್ತಿ ಹಳೆಯ ಸಿನಿಮಾ ಸುರುಳಿಗಳನ್ನು ಕಾಪಿಡುವ ನಮ್ಮ ಬುಡಾಪೆಸ್ಟಿನ ಚಿತ್ರಭಂಡಾರಕ್ಕೆ ಬಂದು, ಅಲ್ಲಿನ ಎಂಜಿನಿಯರ್ ಆದ ನಾನು ಕುರ್ಚಿ ತೋರಿಸುವ ಮೊದಲೇ ಕುಳಿತುಬಿಟ್ಟರು. ಅವರಿಗೆ ಅರವತ್ತೈದು ವರ್ಷ.

"ನಿಮ್ಮ ಕೈಗೆ ಮುತ್ತು, ಕಲಾವಿದೆಯವರೇ," ಎಂದು ನಮ್ಮ ಹಂಗೇರಿಯ ಹಳೇ ರೂಢಿಯಂತೆ ವಂದಿಸಿದೆ.

"ಈಗಿನವ್ರು ಬರೀ ಬಾಯಲ್ಲೇ ಕೊಡ್ತೀರಿ. ಇರ್ಲಿ ಬಿಡಿ ಎಂಜಿನಿಯರ್ರೇ, ನನ್ ಕೈ ಈರುಳ್ಳಿ ವಾಸನೆ."

ಅವರು ನಾಯಕಿಯಾದದ್ದು ಒಂದೇ ಚಿತ್ರದಲ್ಲಿ, ೧೯೩೩ರ ಪ್ರೇಮಹಾಸ್ಯ. ಕೈಗವಸಿನ ಅಂಗಡಿಯ ಹುಡುಗಿ ತಾನಿರುವ ಮನೆ ನೋಡಲು ಬಂದ ಅದರ ಮಾಲೀಕನನ್ನು ಪಿಯಾನೋ ರಿಪೇರಿಯವನೆಂದು ತಿಳಿದು ಮೂರು ದಿನ ದುಡಿಸಿಕೊಳ್ಳುವ ಕಥೆ. ಎರಡನೇ ಮಹಾಯುದ್ಧದಲ್ಲಿ ಬುಡಾಪೆಸ್ಟಿಗೆ ಮುತ್ತಿಗೆ ಬಿದ್ದಾಗ ಅದರ ಪ್ರತಿಗಳೆಲ್ಲ ಸುಟ್ಟುಹೋಗಿದ್ದವು. ಕಳೆದ ತಿಂಗಳು ಅದರ ಕೊನೆಯ ಸುರುಳಿ ಎಂದು ಬರೆದಿದ್ದ ಡಬ್ಬಿಯೊಂದು ಸಿಕ್ಕಿದಾಗ ನಾನೇ ಅವರಿಗೆ ಕಾಗದ ಬರೆದೆ. ಸಾಯುವ ಮೊದಲು ಆಗಿನ ನನ್ನ ಮುಖ ಒಂದು ಸಲ ನೋಡಬೇಕು ಎಂದು ಮರುಟಪಾಲಿನಲ್ಲೇ ಉತ್ತರ ಬಂತು.

ಪುಟ್ಟ ಪರದೆಯಿದ್ದ ಎಡಿಟಿಂಗ್ ಮೇಜಿಗೆ ಸುರುಳಿ ಏರಿಸಿದೆ. ಮೆಟ್ಟಿಲು, ನಾಯಕ, ಬಿಳಿ ಟೋಪಿಯ ಹುಡುಗಿ. ಹುಡುಗಿ ಜರ್ಮನ್ ಮಾತಾಡಿದಳು.

"ಇವ್ಳು ಲೀಸೆಲ್," ಎಂದರು ಎತೆಲ್ಕಾ.

ಆಗ ನಮ್ಮಲ್ಲಿ ಒಂದೇ ಸೆಟ್ಟಿನಲ್ಲಿ ಒಂದೇ ಕಥೆಯ ಎರಡು ಚಿತ್ರ ತೆಗೆಯುತ್ತಿದ್ದರು. ಬೆಳಿಗ್ಗೆ ಹಂಗೇರಿಯನ್, ಮಧ್ಯಾಹ್ನ ಜರ್ಮನ್. ನಾಯಕ ಎರಡಕ್ಕೂ ಒಬ್ಬನೇ. ಜರ್ಮನ್ ಚಿತ್ರದ ನಾಯಕಿ ಮಾತ್ರ ವಿಯೆನ್ನಾದಿಂದ ಬಂದು ಅದೇ ಉಡುಪು ತೊಡುತ್ತಿದ್ದಳು. ಯಾರೋ ಆ ಜರ್ಮನ್ ಸುರುಳಿಯನ್ನು ಹಂಗೇರಿಯನ್ ಚಿತ್ರದ ಡಬ್ಬಿಗೆ ಹಾಕಿದ್ದರು. ಫಿಲ್ಮ್ ಎಷ್ಟು ಕುಗ್ಗಿದೆ ಎಂದು ಅಂಚಿನ ನೂರು ರಂಧ್ರಗಳನ್ನು ಅಳೆದಿದ್ದ ನಾನು ಟೋಪಿಯನ್ನಷ್ಟೇ ನೋಡಿ ಎತೆಲ್ಕಾರ ಮುಖವನ್ನೇ ನೋಡಿದೆನೆಂದುಕೊಂಡಿದ್ದೆ. ಧ್ವನಿಯನ್ನಂತೂ ಕೇಳಿಯೇ ಇರಲಿಲ್ಲ.

"ತಪ್ಪು ನನ್ನದು. ನಿಮ್ಮನ್ನು ಸುಮ್ನೆ ಮೂರು ಮಹಡಿ ಹತ್ತಿಸ್ಬಿಟ್ಟೆ."

"ಓಡ್ಸಿ. ಇಷ್ಟು ಮೆಟ್ಲು ಹತ್ತಿದೀನಿ, ಅವಳನ್ನಾದ್ರೂ ನೋಡ್ತೀನಿ. ನನ್ ಟೋಪಿ ಅವಳಿಗೆ ದೊಡ್ಡದಾಗ್ತಿತ್ತು, ಒಳಗೆ ಪೇಪರ್ ತುರುಕ್ತಿದ್ರು."

ಮುತ್ತಿನ ದೃಶ್ಯ ಬಂತು. ಮೊದಲು ಲೀಸೆಲಳ ಮುಖ. ಆಮೇಲೆ ಕ್ಯಾಮೆರಾ ಹುಡುಗಿಯ ಬೆನ್ನ ಹಿಂದೆ ನಿಂತು ನಾಯಕನನ್ನು ನೋಡಿತು.

"ನಿಲ್ಸಿ. ಇದು ನಾನು."

ಮುದುಕಿಗೆ ಆಸೆ ಎಂದುಕೊಂಡೇ ಸುರುಳಿ ನಿಲ್ಲಿಸಿದೆ.

"ನಂಬ್ಬೇಡಿ, ನೋಡಿ. ಅವತ್ತು ಈ ಶಾಟ್ ಮುಗಿಯೋ ಮುಂಚೆ ಅವ್ಳು ಐದು ಗಂಟೆ ರೈಲಿಗೆ ಹೊರಟ್ಬಿಟ್ಲು. ಬೆನ್ನಿಗೆ ಯಾವ ಭಾಷೆ ಅಂತ ನಿರ್ದೇಶಕರು ಅವಳ ಜಾಗದಲ್ಲಿ ನನ್ನ ನಿಲ್ಲಿಸಿದ್ರು. ಕುತ್ತಿಗೆ ಮೇಲೆ ಸುಟ್ಟ ಕಲೆ ಇರ್ಬೇಕು, ಕೂದಲು ಸುತ್ತೋ ಇಕ್ಕಳ ತಾಗಿದ್ದು."

ಭೂತಗನ್ನಡಿ ಹಿಡಿದೆ. ಕಲೆ ಇತ್ತು. ಹಿಂದಕ್ಕೆ ಹೋಗಿ, ಲೀಸೆಲ್ ಮೆಟ್ಟಿಲಲ್ಲಿ ತಿರುಗುವ ಕಡೆ ಚೌಕಟ್ಟು ಚೌಕಟ್ಟಾಗಿ ಹುಡುಕಿದೆ. ಅವಳ ಕುತ್ತಿಗೆಯಲ್ಲಿ ಇರಲಿಲ್ಲ.

"ಇನ್ನೊಂದ್ಸಲ ಓಡಿಸ್ಲಾ?"

"ಬೇಡಪ್ಪ. ಮುಖ ನೋಡೋಕ್ ಬಂದೆ, ಬೆನ್ನು ಸಿಕ್ತು. ಇನ್ನು ಹುಡುಕೋ ಶಕ್ತಿ ಇಲ್ಲ. ನನ್ ಹೆಸರು ಬರ್ಕೊಳ್ಳಿ, ಅಷ್ಟು ಸಾಕು."

ಅವರು ಕೈಕಂಬಿ ಹಿಡಿದು ನಿಧಾನವಾಗಿ ಇಳಿದು ಹೋದರು. ನಾನು ಆ ತುಂಡನ್ನು ಅಳೆದು, ಭಂಡಾರದ ದಾಖಲೆಯಲ್ಲಿ ಲೀಸೆಲಳ ಹೆಸರಿನ ಕೆಳಗೆ ಬರೆದೆ: ಸಲೋಂತಾಯಿ ಎತೆಲ್ಕಾ, ಹಿಂಬದಿಯಿಂದ, ನಾಲ್ಕು ಮೀಟರ್ ಹತ್ತು ಸೆಂಟಿಮೀಟರ್.