ಅಡುಗೆಮನೆಯ ಸ್ಟಾರ್ಟರ್

ಸಲೂನಿನ ಟ್ಯೂಬ್‌ಲೈಟು ಕಣ್ಣು ಮಿಟುಕಿಸಲು ಶುರುಮಾಡಿದ್ದು ಬೇಕರಿ ಯಜಮಾನರ ಅರ್ಧ ಗಡ್ಡ ಇಳಿದಾಗ. ಉಳಿದರ್ಧ ಇನ್ನೂ ನೊರೆಯೊಳಗಿತ್ತು. ಕ್ಷೌರಿಕ ಕತ್ತಿ ಎತ್ತಿ ಹಿಡಿದು ಬೆಳಕಿಗಾಗಿ ಕಾದ. ಬಂತು, ಹೋಯಿತು, ಮತ್ತೆ ಬಂತು.

"ನೋಡ್ಕೊಂಡು ಮಾಡಪ್ಪ. ಇರೋದೊಂದೇ ಮೂಗು," ಎಂದರು ಯಜಮಾನರು.

ಕ್ಷೌರಿಕ ಅವರನ್ನು ನೊರೆ, ಟವೆಲ್ಲುಗಳ ಸಮೇತ ಬಾಗಿಲ ಪಕ್ಕದ ಕುರ್ಚಿಗೆ ಸಾಗಿಸಿ ಕೆಲಸ ಮುಗಿಸಿದ. ಓಣಿಯಂತೆ ಉದ್ದಕ್ಕಿದ್ದ ಆ ಅಂಗಡಿಯಲ್ಲಿ ಹಗಲು ಬೆಳಕು ಕಾಣುತ್ತಿದ್ದುದು ಆ ಕುರ್ಚಿಗೆ ಮಾತ್ರ. ಒಳಗಿನ ಕನ್ನಡಿಗೆ ಟ್ಯೂಬ್‌ಲೈಟೇ ಸೂರ್ಯ.

"ನಿನ್ನ ಬಾಮೈದನ್ನ ಕರೆಸು. ಎಲೆಕ್ಟ್ರಿಷಿಯನ್ ಮನೇಲೇ ಇಟ್ಕೊಂಡು ಕತ್ತಲಲ್ಲಿ ಕೂರೋದೇನು?"

ಕ್ಷೌರಿಕ ಟವೆಲ್ಲು ಕೊಡವಿದ. ಬಾಮೈದನ ಜೊತೆ ಮಾತು ಬಿಟ್ಟು ತಿಂಗಳುಗಳಾಗಿದ್ದವು. ನೆಂಟರ ಮನೆಯ ಊಟದಲ್ಲಿ ಅವನು ಎಲ್ಲರೆದುರು, "ನಮ್ಮ ಭಾವನಿಗೆ ತಲೆ ಕೊಟ್ರೆ ಅಪ್ಪ ಯಾರು, ಮಗ ಯಾರು ಅಂತ ಗೊತ್ತಾಗಲ್ಲ. ಎಲ್ರಿಗೂ ಒಂದೇ ಅಚ್ಚು" ಎಂದು ನಗಾಡಿದ್ದ. ಉಳಿದವರು ನಕ್ಕು ಮರೆತರು. ಕ್ಷೌರಿಕ ಮಾತ್ರ, "ಇನ್ನು ನನ್ನ ಅಂಗಡಿ ಮೆಟ್ಟಿಲು ತುಳೀಬೇಡ" ಅಂದುಬಿಟ್ಟ. ಅಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಗಂಟುಮುಖವನ್ನೇ ಸಾಕಿಕೊಂಡು ಬಂದಿದ್ದ.

ಈಗ ಸ್ಟೂಲು ಹತ್ತಿ, ಟ್ಯೂಬನ್ನು ಹಿಡಿದು ಮೆಲ್ಲಗೆ ತಿರುಗಿಸಿದ. ಪಳ್ಳನೆ ಬೆಳಗಿತು. ಗೆದ್ದೆನೆಂದು ಕೆಳಗಿಳಿದು ಫ್ಯಾನು ಹಾಕಿದ್ದೇ ತಡ, ಮತ್ತೆ ಮಿಣುಕು. ಟ್ಯೂಬಿನ ತುದಿಗಳು ಕಪ್ಪಾಗಿರಲಿಲ್ಲ, ಅಂದರೆ ಟ್ಯೂಬು ಹೋಗಿಲ್ಲ. ಹಾಗಾದರೆ ಸ್ಟಾರ್ಟರೇ ಹೋಗಿರಬೇಕು ಎಂದು ತೀರ್ಮಾನಿಸಿದ. ಎಲೆಕ್ಟ್ರಿಕ್ ಅಂಗಡಿಗೆ ಹೋದರೆ ಬಾಮೈದ ಅಲ್ಲೇ ಕೌಂಟರಿಗೆ ಒರಗಿ ನಿಂತಿರುತ್ತಾನೆ. ಆದ್ದರಿಂದ ಊಟದ ಹೊತ್ತಿಗೆ ಮನೆಗೆ ಹೋದವನು, ಹೆಂಡತಿ ಕೆಲಸದಿಂದ ಬರುವ ಮೊದಲೇ ಅಡುಗೆಮನೆಯ ದೀಪದ ಸ್ಟಾರ್ಟರ್ ಬಿಚ್ಚಿ ಜೇಬಿಗಿಳಿಸಿಕೊಂಡು ಬಂದ.

ಅದನ್ನು ಹಾಕಿದಾಗ ಸಲೂನು ಸ್ವಲ್ಪ ಹೊತ್ತು ಝಗಮಗಿಸಿತು. ಆಮೇಲೆ ಯಥಾಪ್ರಕಾರ. ಬೆಳಿಗ್ಗೆ ಮಿಟುಕಿಸುತ್ತಿದ್ದ ದೀಪ ಈಗ ಗುಂಯ್‌ಗುಡುತ್ತಲೂ ಇತ್ತು. ಗಿರಾಕಿಗಳು ಇಣುಕಿ ನೋಡಿ, "ನಾಳೆ ಬರ್ತೀವಿ" ಎಂದು ಜಾರಿಕೊಂಡರು. ಸಂಜೆಯ ಹೊತ್ತಿಗೆ ಅವನು ಕತ್ತರಿಗಳನ್ನು ಒರೆಸಿದ್ದನ್ನೇ ಒರೆಸುತ್ತ ಕೂತಿದ್ದ.

ಅಷ್ಟರಲ್ಲಿ ಬಾಗಿಲೆದುರು ಬಾಮೈದ ಬಂದು ನಿಂತ. ಹೆಗಲಲ್ಲಿ ಸಾಮಾನಿನ ಚೀಲ. ಮೆಟ್ಟಿಲು ಮಾತ್ರ ಹತ್ತಿರಲಿಲ್ಲ.

"ಅಡುಗೆಮನೆ ದೀಪ ಹತ್ತುತ್ತಿಲ್ಲ ಅಂತ ಅಕ್ಕ ಫೋನ್ ಮಾಡಿದ್ಲು ಭಾವ," ಎಂದ, ಚಪ್ಪಲಿಯ ಕಡೆ ನೋಡುತ್ತ. "ಹೋಗಿ ನೋಡಿದೆ. ಸ್ಟಾರ್ಟರ್ ಸುಟ್ಟಿರೋದು ಎಷ್ಟೋ ನೋಡಿದೀನಿ. ಎದ್ದು ನಡ್ಕೊಂಡು ಹೋಗಿರೋದು ಇದೇ ಮೊದಲು."

"ಇಲಿ ಎಳ್ಕೊಂಡು ಹೋಗಿರ್ಬೇಕು."

"ಸ್ಟೂಲ್ ಹಾಕ್ಕೊಂಡು ಹತ್ತಿದೆ ಆ ಇಲಿ. ಸ್ಟೂಲು ದೀಪದ ಕೆಳಗೇ ಇತ್ತು."

ಕ್ಷೌರಿಕ ನಗಬಾರದೆಂದು ಹಲ್ಲು ಕಚ್ಚಿದ. ನಗು ಮೂಗಿನಿಂದ ಹೊರಬಿತ್ತು. "ಒಳಗೆ ಬಾ ಮಾರಾಯ," ಎಂದ.

ಬಾಮೈದ ಮೇನ್ ಸ್ವಿಚ್ಚು ಆರಿಸಿ, ಟಾರ್ಚು ಭಾವನ ಕೈಗೆ ಕೊಟ್ಟು ಸ್ಟೂಲು ಹತ್ತಿದ. ಟ್ಯೂಬು ಇಳಿಸಿ, ಅದರ ಕಡ್ಡಿ ಕೂರುವ ಹೋಲ್ಡರಿನೊಳಕ್ಕೆ ಇಣುಕಿದ.

"ಹಿಡೀರಿ ಟಾರ್ಚು ಇಲ್ಲಿ. ನೋಡಿ, ಇಡೀ ಬೀದಿಯ ತಲೆಗೂದಲು ಇದರೊಳಗೇ ಇದೆ."

ಪೌಡರಿನ ಧೂಳು, ಕೂದಲ ಚೂರು ಸೇರಿ ಒಳಗೆ ಗಟ್ಟಿ ಗಂಟಾಗಿತ್ತು. ಅದರ ಹಿಂದಿನ ತಗಡು ಕಪ್ಪಗಾಗಿ ಸಡಿಲಗೊಂಡಿತ್ತು. ಫ್ಯಾನು ತಿರುಗಿ ಗೋಡೆ ಅದುರಿದಾಗೆಲ್ಲ ಅದು ಟ್ಯೂಬಿನ ಕೈ ಬಿಡುತ್ತಿತ್ತು. ಬಾಮೈದ ಕಸ ಕೆದಕಿ ತೆಗೆದು, ತಗಡನ್ನು ಉಪ್ಪುಕಾಗದದಿಂದ ಉಜ್ಜಿ, ತುಸು ಬಾಗಿಸಿ ಬಿಗಿಮಾಡಿದ. ಟ್ಯೂಬನ್ನೂ ಅಂಗಡಿಯ ಹಳೆಯ ಸ್ಟಾರ್ಟರನ್ನೂ ಮತ್ತೆ ಕೂರಿಸಿ, ಅಡುಗೆಮನೆಯದನ್ನು ಭಾವನ ಜೇಬಿಗೆ ಹಾಕಿದ. ಸ್ವಿಚ್ಚು ಹಾಕಿದಾಗ ದೀಪ ಒಂದೇ ಸಲಕ್ಕೆ ಹತ್ತಿಕೊಂಡಿತು. ಫ್ಯಾನು ಹಾಕಿದರು. ದೀಪ ಅಲ್ಲಾಡಲಿಲ್ಲ.

ಆ ಬೆಳಕಿನಲ್ಲಿ ಕ್ಷೌರಿಕ ಬಾಮೈದನನ್ನು ಸರಿಯಾಗಿ ನೋಡಿದ. ಕೂದಲು ಕಿವಿ ಮುಚ್ಚಿ ಕಾಲರಿನವರೆಗೆ ಇಳಿದಿತ್ತು.

"ಏನೋ ಇದು? ಜಡೆ ಹಾಕ್ಕೋತೀಯಾ?"

"ಬೇರೆ ಸಲೂನಿಗೆ ಹೋಗಿದ್ದೆ ಒಂದ್ಸಲ. ಬಟ್ಟೆ ಹೊದಿಸಿದ್ರು. ಯಾಕೋ ಮನಸ್ಸು ಒಪ್ಪಲಿಲ್ಲ, ಎದ್ದು ಬಂದ್ಬಿಟ್ಟೆ." ಸ್ವಲ್ಪ ತಡೆದು ಹೇಳಿದ, "ಅವತ್ತು ಹಾಗೆ ಅನ್ನಬಾರದಿತ್ತು ಭಾವ."

ಕ್ಷೌರಿಕ ಕುರ್ಚಿಯ ಧೂಳು ಕೊಡವಿದ. "ನೀನು ಅಂದಿದ್ದು ಸುಳ್ಳಲ್ಲ. ನಂಗೆ ಬರೋದೇ ಅದೊಂದು ಕಟಿಂಗು. ನಿಜ ಅಂತಾನೇ ಅಷ್ಟು ಉರೀತು. ಕೂತ್ಕೋ."

ಬಾಮೈದ ಕೂತ. ಕ್ಷೌರಿಕ ಬಾಚಣಿಗೆ ಹಿಡಿದು, ಇಷ್ಟು ವರ್ಷಗಳಲ್ಲಿ ಯಾರನ್ನೂ ಕೇಳದಿದ್ದುದನ್ನು ಕೇಳಿದ: "ಹೇಗೆ ಬೇಕು ನಿಂಗೆ?"

ಆ ಕಟಿಂಗಿಗೆ ಬಹಳ ಹೊತ್ತು ಹಿಡಿಯಿತು. ಎಡಗಿವಿಯ ಮೇಲೆ ಒಂದಿಷ್ಟು ಹೆಚ್ಚೇ ಹೋಯಿತು, ಅದಕ್ಕೆ ಸರಿದೂಗಿಸಲು ಬಲಗಡೆಯೂ ಹೋಯಿತು. ಬಾಮೈದ ಕನ್ನಡಿಯಲ್ಲಿ ತಲೆಯನ್ನು ಆಚೀಚೆ ತಿರುಗಿಸಿ ನೋಡಿಕೊಂಡು, "ಪರವಾಗಿಲ್ಲ, ಮದುವೆ ಆಗಿಹೋಗಿದೆಯಲ್ಲ," ಎಂದ.

ಶಟರ್ ಎಳೆದು ಇಬ್ಬರೂ ಮನೆ ಕಡೆ ಹೊರಟರು. ಬೆಚ್ಚಗಿರುತ್ತದೆಂದು ಬೆಕ್ಕೊಂದು ದಿನವೂ ಇನ್ವರ್ಟರ್ ಮೇಲೆ ಮಲಗಿ, ಯಾರೇ ಹತ್ತಿರ ಬಂದರೂ ಉಗುರು ತೋರಿಸುತ್ತಿದ್ದ ಮನೆಯೊಂದರ ಕಥೆಯನ್ನು ಬಾಮೈದ ಶುರುಮಾಡಿದ. ಕೇಳಿ ನಗುತ್ತ ನಗುತ್ತ ಇಬ್ಬರೂ ಮನೆಯ ತಿರುವು ದಾಟಿ ಮುಂದೆ ಹೋಗಿಬಿಟ್ಟು, ಬೇಕರಿ ಎದುರಾದ ಮೇಲೆ ಹಿಂದಿರುಗಿದರು.